ಖಾನಾಪುರದ ಡಿಪೋದಲ್ಲಿ ತಾಮ್ರ ಹೂತದ್ದು

ಆ ದಿನಗಳಲ್ಲಿ ಖಾನಾಪುರದಲ್ಲಿ ಜಡಿಮಳೆ ಹಿಡಿದಿತ್ತು ಎಂದು ನನ್ನ ನೆನಪು ಹೇಳುತ್ತದೆ. ಅದು ಸುಳ್ಳು. ಮಳೆ ಇದ್ದಿದ್ದರೆ ಹೊಂಡಕ್ಕೆ ದಿನಾ ಎರಡು ಕೊಡ ನೀರು ಹಾಕಿರೆಂದು ನಾನು ಹೇಳುತ್ತಿರಲಿಲ್ಲ. ನೀರು ಹಾಕಿದ್ದು ಮಾತ್ರ ಖರೇ, ಅದಕ್ಕೆ ಸಾಕ್ಷಿಗಳಿದ್ದರು. ಆದ್ದರಿಂದ ಮಳೆಯನ್ನು ತೆಗೆದುಹಾಕಿ ಮುಂದೆ ಬರೆಯುತ್ತೇನೆ. ಓದುವವರು ಉಳಿದ ವಿವರಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

ಸಾವಿರದ ಒಂಬೈನೂರ ಇಪ್ಪತ್ತರ ದಶಕದ ಮಾತು. ಪುಣೆಯಲ್ಲಿ ವಿದ್ಯುತ್ತಿನ ವಿದ್ಯೆ ಕಲಿತು ನಾನು ಬೆಳಗಾವಿಗೆ ಮರಳಿದಾಗ, ನಮ್ಮ ಓಣಿಯಲ್ಲಿ ಇದ್ದ ತಂತಿಗಳೆಲ್ಲ ಧೋತರ ಒಣಹಾಕುವ ತಂತಿಗಳು. ನನ್ನ ತಂದೆ ಆರು ತಿಂಗಳು ಕಾದರು. ಆಮೇಲೆ ಪರಿಚಯದ ಒಬ್ಬ ವಕೀಲರ ಬಳಿ ನನಗೆ ಗುಮಾಸ್ತಗಿರಿ ಗೊತ್ತುಮಾಡಿದರು. ಆ ವಕೀಲರು ತಾವು ಗೆದ್ದ ಒಂದೇ ಖಟ್ಲೆಯ ಕಥೆಯನ್ನು ದಿನಕ್ಕೊಮ್ಮೆ ಹೇಳುವವರೆಂದು ಊರಿಗೇ ಗೊತ್ತಿತ್ತು. ಅದನ್ನು ಜೀವನಪೂರ್ತಿ ಕೇಳಬೇಕಾದೀತು ಎಂಬ ಭಯದಲ್ಲಿದ್ದಾಗ ಸಾವ್ಕಾರರು ಹೇಳಿ ಕಳಿಸಿದರು.

ಸಾವ್ಕಾರರು ಹಳೆಯ ಜೈನ ಮನೆತನದವರು, ಚಿಮಣಿ ಎಣ್ಣೆಯ ವ್ಯಾಪಾರಿಗಳು. ಖಾನಾಪುರದ ರೈಲು ನಿಲ್ದಾಣದ ಬಾಜು ಒಂದು ಎಣ್ಣೆ ಡಿಪೋ ಕಟ್ಟಿಸುತ್ತಿದ್ದರು. ರೈಲಿನಲ್ಲಿ ಬರುವ ಟಾಕಿಯಿಂದ, ಅಂದರೆ ಕಬ್ಬಿಣದ ತೊಟ್ಟಿಯಿಂದ, ಎಣ್ಣೆ ಎತ್ತಲು ವಿದ್ಯುತ್ತಿನ ಪಂಪು, ಡಬ್ಬಿ ತುಂಬುವ ಶೆಡ್ಡಿಗೆ ವಿದ್ಯುತ್ತಿನ ದೀಪ, ಇವೆಲ್ಲಕ್ಕೂ ಒಂದು ಸಣ್ಣ ಇಂಜಿನ್ನು. ಯಾವುದು ಎಲ್ಲಿರಬೇಕು, ತಂತಿ ಹೇಗೆ ಹೋಗಬೇಕು ಎಂಬ ನಕ್ಷೆ ನನ್ನದು. ಎಲ್ಲ ಮುಗಿದ ಮೇಲೆ ಮುಂಬಯಿಯಿಂದ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡುವವರಿದ್ದರು.

"ಪಾಸ ಆದ್ರ ನೀವು ಖಾಯಂ," ಎಂದರು ಸಾವ್ಕಾರರು. "ಬೆಳಗಾವಿ ಡಿಪೋನೂ ನಿಮಗ. ನಪಾಸ ಆದ್ರ, ವಕೀಲ್ರು ನಮಗೂ ಪರಿಚಯದವ್ರ ಅದಾರ."

ಎಣ್ಣೆಯ ಜಾಗಕ್ಕೆ ನಕ್ಷೆ ಮಾಡುವುದೆಂದರೆ ಕಿಡಿಗೆ ಹೆದರುವುದು, ಅಷ್ಟೇ. ಎಣ್ಣೆಯ ಆವಿ ಎಲ್ಲಿ ಸುಳಿಯುತ್ತದೋ ಅಲ್ಲಿ ಕಿಡಿ ಹಾರುವ ಯಾವ ವಸ್ತುವೂ ಇರಕೂಡದು. ಹಾಗಾಗಿ ಶೆಡ್ಡಿನ ಸುತ್ತ ಒಂದು ವರ್ತುಳ ಎಳೆದು, ಇಂಜಿನ್ನನ್ನೂ ಸ್ವಿಚ್ಚಿನ ಹಲಗೆಯನ್ನೂ ಅದರ ಹೊರಗೆ, ಗಾಳಿ ಬರುವ ದಿಕ್ಕಿಗೆ ಇಟ್ಟೆ. ಗಾಳಿ ಎತ್ತಲಿಂದ ಬರುತ್ತದೆಂದು ಊರವರನ್ನು ಕೇಳಬಹುದಿತ್ತು. ಆದರೆ ಕೇಳಿದ ಮಾತನ್ನು ನಂಬುವ ಚಾಳಿ ನನಗಿರಲಿಲ್ಲ. ಮೂರು ದಿನ ಬಯಲಲ್ಲಿ ಧೋತರದ ಚುಂಗು ಎತ್ತಿ ಹಿಡಿದು ನಿಂತೆ. ಗಾಳಿ ಪಶ್ಚಿಮದಿಂದ ಬರುತ್ತದೆಂದು ಸಿದ್ಧವಾಯಿತು. ಕಲಿತವರು ಧೋತರವನ್ನು ಮೈಮೇಲೇ ಒಣಗಿಸಿಕೊಳ್ಳುತ್ತಾರೆಂದು ಖಾನಾಪುರಕ್ಕೂ ಸಿದ್ಧವಾಯಿತು.

ತಂತಿಯ ಕೆಲಸಕ್ಕೆ ಖಾಸಬಾಗದ ಒಬ್ಬ ಮೇಸ್ತ್ರಿ ಇದ್ದರು. ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ, ಆಳುಗಳೊಡನೆ ಮರಾಠಿ ಮಾತಾಡುತ್ತಿದ್ದರು. ತಂತಿ ಸಿಕ್ಕಾದಾಗ ಮಾತ್ರ ಮೂರನ್ನೂ ಸೇರಿಸಿ ಬೈಯುತ್ತಿದ್ದರು. ಆಳುಗಳಿಗೆ ಅಡಿಗೆ ಮಾಡಿಹಾಕುತ್ತಿದ್ದವಳು ಖಾನಾಪುರದ ಒಬ್ಬ ವಯಸ್ಸಾದ ಹೆಂಗಸು. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ಅವಳಿಗಿಂತ ಹಿರಿಯರಾದ ಮೇಸ್ತ್ರಿ ಕೂಡ. ಅವಳ ಅಡಿಗೆಮನೆ ವರ್ತುಳದ ಹೊರಗೆ, ಗಾಳಿಯ ದಿಕ್ಕಿಗೇ ಬಂದಿತ್ತು. ಅದು ನನ್ನ ಲೆಕ್ಕಾಚಾರ ಎಂದು ಹೇಳಿಕೊಳ್ಳುತ್ತಿದ್ದೆ. ಒಲೆ ಅಲ್ಲಿ ನನಗಿಂತ ಮೊದಲೇ ಇತ್ತು.

ನಕ್ಷೆಯ ಕೊನೆಯ ಅಂಗ ನೆಲದ ತಗಡು. ಪಂಪು, ಟಾಕಿ, ಕಬ್ಬಿಣದ ಕೊಳವೆ ಎಲ್ಲವನ್ನೂ ಒಂದು ತಂತಿಯಿಂದ ಜೋಡಿಸಿ, ಆ ತಂತಿಯನ್ನು ನೆಲದಲ್ಲಿ ಹೂತ ತಾಮ್ರದ ತಗಡಿಗೆ ಕಟ್ಟಬೇಕು. ದಾರಿ ತಪ್ಪಿದ ವಿದ್ಯುತ್ತು ಕಿಡಿಯಾಗಿ ಹಾರದೆ ಸುಮ್ಮನೆ ಮಣ್ಣಿಗೆ ಇಳಿದುಹೋಗುತ್ತದೆ. ತಗಡಿನ ಸುತ್ತ ಉಪ್ಪು, ಇದ್ದಲಿ ಹಾಕಿ ನೀರು ಹಾಕಿದರೆ ಮಣ್ಣು ಅದನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ನಕ್ಷೆಯ ಮೂಲೆಯಲ್ಲಿ ಅಂದವಾಗಿ ಬರೆದೆ: ಹೊಂಡ ಒಂದಾಳು ಆಳ; ತಾಮ್ರದ ತಗಡು ಒಂದು, ಮೊಳ ಅಗಲ, ಮೊಳ ಉದ್ದ; ಉಪ್ಪು ಅರ್ಧ ಮಣ; ಇದ್ದಲಿ ಒಂದು ಚೀಲ; ದಿನಾ ಎರಡು ಕೊಡ ನೀರು.

ಉಪ್ಪು, ಇದ್ದಲಿ ಎರಡೂ ಮಾವಶಿಯ ಅಡಿಗೆಮನೆಯಿಂದ ಬಂದವು. ಹತ್ತು ದಿನ ನೀರು ಬಿತ್ತು. ಹನ್ನೊಂದನೆಯ ದಿನ ಬೆಳಗಿನ ಗಾಡಿಗೆ ಇನ್‌ಸ್ಪೆಕ್ಟರ್ ಇಳಿದರು. ಬೋಳು ತಲೆಯ, ಮೆಲುಮಾತಿನ ಮನುಷ್ಯ. ನಮ್ಮೊಡನೆ ಮರಾಠಿಯಲ್ಲಿ ಮಾತಾಡಿದರು, ಅದನ್ನು ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಬಾಗಿಲಲ್ಲಿ ತಮ್ಮ ಕಡ್ಡಿಪೆಟ್ಟಿಗೆಯನ್ನು ತಾವಾಗಿ ತೆಗೆದುಕೊಟ್ಟರು. ವರ್ತುಳ ನೋಡಿ ತಲೆಯಾಡಿಸಿದರು. ಸ್ವಿಚ್ಚಿನ ಹಲಗೆ ನೋಡಿ "ಛಲೋ" ಎಂದರು. ಸಾವ್ಕಾರರು ನನ್ನತ್ತ ನೋಡಿ ರುಮಾಲು ಸರಿಮಾಡಿಕೊಂಡರು. ವಕೀಲರ ಖಟ್ಲೆ ಒಂದು ಹರದಾರಿ ದೂರ ಸರಿದಂತೆ ಅನ್ನಿಸಿತು.

ಆಮೇಲೆ ಅವರು, ವಿದ್ಯುತ್ತು ಮಣ್ಣಿಗೆ ಇಳಿಯುತ್ತದೋ ಇಲ್ಲವೋ ಎಂದು ತೋರಿಸುವ, ಕೈಯಿಂದ ತಿರುಗಿಸುವ ಒಂದು ಪೆಟ್ಟಿಗೆ ತೆಗೆದು, ಅದರ ತಂತಿಯನ್ನು ನಮ್ಮ ನೆಲದ ತಂತಿಗೆ ಸಿಕ್ಕಿಸಿದರು. ತಿರುಗಿಸಿದರು. ಅದರ ಮುಳ್ಳು ಒಂದು ತುದಿಗೆ ಹೋಗಿ ನಿಂತಿತು. ಬರಬಾರದ ತುದಿ ಅದು. ಮತ್ತೆ ತಿರುಗಿಸಿದರು, ಮುಳ್ಳು ಅಲ್ಲೇ.

"ತಗಡು ಹಾಕಿದ್ದೀರೋ ಇಲ್ಲವೋ?" ಎಂದು ಕೇಳಿದರು.

"ಹಾಕೀವ್ರಿ," ಎಂದರು ಮೇಸ್ತ್ರಿ. "ನಾನ ನಿಂತು ಹಾಕಸೇನಿ."

"ಈ ಪೆಟ್ಟಿಗೆಯ ಪ್ರಕಾರ ನಿಮ್ಮ ತಂತಿ ಗಾಳಿಯಲ್ಲಿ ನೇತಾಡುತ್ತಿದೆ."

ಹೊಂಡ ಅಗೆಸಿದರು. ಮೊದಲು ಬಂದದ್ದು ಒಂದು ದೊಡ್ಡ ಪಿಂಗಾಣಿ ಭರಣಿ. ಮುಚ್ಚಳ ತೆಗೆದರೆ ಉಪ್ಪು, ಒಂದು ಹರಳೂ ಕರಗಿರಲಿಲ್ಲ. ಆಮೇಲೆ ಎರಡು ಎಣ್ಣೆ ಡಬ್ಬಿ, ಬಾಯಿಗೆ ಬೆಸುಗೆ ಹಾಕಿದ್ದವು. ಒಳಗೆ ಇದ್ದಲಿ, ಬೆಚ್ಚಗೆ, ಒಣಗಿ. ಕೊನೆಗೆ ಮೊಣಕಾಲೆತ್ತರದ ಇನ್ನೊಂದು ಭರಣಿ. ಅದರೊಳಗೆ ನಮ್ಮ ತಾಮ್ರದ ತಗಡು ಚಾಪೆಯಂತೆ ಸುರುಳಿ ಸುತ್ತಿಕೊಂಡು, ಬಿಳಿ ಬಟ್ಟೆ ಹೊದ್ದು ಕೂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ್ದರು. ಮುಚ್ಚಳಕ್ಕೆ ತೂತು ಕೊರೆದು ತಂತಿ ಹೊರತಂದು, ಸುತ್ತ ಮೇಣ ಮೆತ್ತಿದ್ದರು. ಈ ಸಂಸಾರದ ಮೇಲೆ ಹತ್ತು ದಿನ, ತಪ್ಪದೆ, ಎರಡು ಕೊಡ ನೀರು.

ಮಾವಶಿ ಸೆರಗಿಗೆ ಕೈ ಒರಸಿಕೊಳ್ಳುತ್ತ ಮುಂದೆ ಬಂದಳು.

"ನೋಡ್ರಿ, ಹೆಂಗ ಇಟ್ಟೀನಿ. ಒಂದು ಕಲಿ ಬಿದ್ದಿಲ್ಲ."

"ಬೇರೆ ಬೇರೆ ಯಾಕೆ ಇಟ್ಟೆ?" ಇನ್‌ಸ್ಪೆಕ್ಟರರು ಕೇಳಿದರು.

"ತಾಮ್ರಕ್ಕ ಉಪ್ಪ ಹತ್ತಿದ್ರ ಕಿಲಬು ಏಳತೈತಲ್ರಿ. ನಿಮ್ಮ ಮನ್ಯಾಗ ಉಪ್ಪಿನಕಾಯಿ ತಾಮ್ರದ ಚರಿಗ್ಯಾಗ ಇಡತಾರೇನು?"

"ಇಲ್ಲ," ಎಂದು ಅವರು ಒಪ್ಪಿಕೊಂಡರು.

"ಮತ್ತ? ಇದ್ದಲಿ ತೊಯ್ದ್ರ ಹತ್ತಂಗಿಲ್ಲ. ತಾಮ್ರ ತೊಯ್ದ್ರ ಹಸರ ಆಕ್ಕೇತಿ. ಇವ್ರು ನೋಡಿದ್ರ ನೀರ ಹಾಕ್ರಿ ಅಂತ ಬರದಾರ. ಗಂಡಸ್ರು ಬರದದ್ದು, ಇರಲಿ ಅಂತ ಎಲ್ಲಾ ಬಂದೋಬಸ್ತ ಮಾಡಿ ಇಟ್ನಿ."

ಇನ್‌ಸ್ಪೆಕ್ಟರರು ಮೇಸ್ತ್ರಿಯತ್ತ ತಿರುಗಿದರು. ಮೇಸ್ತ್ರಿ ನನ್ನತ್ತ ಕೈ ಮಾಡಿದರು. "ನಾ ಕೇಳೇನ್ರಿ. ಮಾವಶಿ ತಕರಾರ ತಗದಾಳ, ಬ್ಯಾರೆ ಬ್ಯಾರೆ ಇಡಲೇನು ಅಂತ. ಇಂಜಿನೇರ ಸಾಹೇಬ್ರು ನಕ್ಷೆಯಿಂದ ತಲಿ ಎತ್ತಲಿಲ್ಲ. ಹೂಂ ಅಂದ್ರು."

ಸಾವ್ಕಾರರ ಕೈ ರುಮಾಲಿನ ಮೇಲೇ ನಿಂತಿತು.

ನನಗೆ ನೆನಪಿದ್ದ ಪ್ರಕಾರ ತಗಡು ಹೂತ ಮಧ್ಯಾಹ್ನ ನಾನು ಡಿಪೋದಲ್ಲೇ ಇರಲಿಲ್ಲ. ಸ್ವಿಚ್ಚಿನ ಸಾಮಾನು ಬಿಡಿಸಿಕೊಳ್ಳಲು ನಿಲ್ದಾಣಕ್ಕೆ ಹೋಗಿದ್ದೆ. ಚಹಾ ಕುಡಿದದ್ದು ನೆನಪಿತ್ತು, ಪೆಟ್ಟಿಗೆಯ ಮೇಲೆ ಕೂತದ್ದು ನೆನಪಿತ್ತು. ಆದರೆ ಅದೇ ಹೊತ್ತಿಗೆ ಇನ್ನೊಂದು ನೆನಪು ಎದ್ದಿತು. ನಾನು ನಕ್ಷೆಯ ಮೇಲೆ ಬಾಗಿದ್ದೇನೆ, ಬಾಗಿಲಲ್ಲಿ ಯಾರೋ ಏನೋ ಕೇಳುತ್ತಿದ್ದಾರೆ, ನಾನು ಬೇಗ ಹೋಗಲಿ ಎಂದು ಹೂಂ ಅನ್ನುತ್ತಿದ್ದೇನೆ. ಇದು ನಿಜವಾದ ನೆನಪೋ, ಮೇಸ್ತ್ರಿ ಹೇಳಿದ್ದು ಕೇಳಿ ಆಗಷ್ಟೇ ಹುಟ್ಟಿದ್ದೋ ಇಂದಿಗೂ ತಿಳಿಯದು. ಎರಡರಲ್ಲಿ ಯಾವುದನ್ನು ಆಣೆ ಮಾಡಿ ಹೇಳಿದರೂ ಅರ್ಧ ಸುಳ್ಳಾಗುತ್ತಿತ್ತು.

ನೆನಪನ್ನು ಬಿಟ್ಟು ಕಾಗದ ನೋಡಿದೆ. ನಕ್ಷೆಯ ಮೂಲೆ ಓದಿದೆ. ತಗಡು, ಉಪ್ಪು, ಇದ್ದಲಿ, ನೀರು. ಒಂದಕ್ಕೊಂದು ತಾಗಬೇಕೆಂದು ಎಲ್ಲಿಯೂ ಇರಲಿಲ್ಲ. ಅದು ಕಿರಾಣಿ ಸಾಮಾನಿನ ಯಾದಿ. ಅವಳು ಯಾದಿಯ ಪ್ರಕಾರ ಎಲ್ಲವನ್ನೂ ಹಾಕಿದ್ದಳು, ನನಗಿಂತ ಅಚ್ಚುಕಟ್ಟಾಗಿ.

"ನಾನು ಹೂಂ ಅಂದೆನೋ ಇಲ್ಲವೋ ಗೊತ್ತಿಲ್ಲ," ಎಂದೆ. "ಆದರೆ ತಪ್ಪು ನಕ್ಷೆಯಲ್ಲಿದೆ. ತಾಗಬೇಕು ಅಂತ ನಾನು ಬರೆದಿಲ್ಲ."

ಇನ್‌ಸ್ಪೆಕ್ಟರರು ಓದಿ ನೋಡಿದರು. ತುಟಿ ಬಿಗಿಹಿಡಿದಿದ್ದರು. ಆಗ ಅದು ಸಿಟ್ಟೆಂದು ತಿಳಿದಿದ್ದೆ. "ನನ್ನ ಗಾಡಿ ನಾಲ್ಕಕ್ಕೆ," ಎಂದರು. "ಅಷ್ಟರೊಳಗೆ ಮುಳ್ಳು ಇಳಿದರೆ ರುಜು ಹಾಕುತ್ತೇನೆ."

ಮೇಸ್ತ್ರಿ ತಗಡನ್ನು ಬಿಡಿಸಿ ಬಡಿದು ಚಪ್ಪಟೆ ಮಾಡಿದರು. ನಾನೇ ಹೊಂಡಕ್ಕಿಳಿದು ಬರಿ ಮಣ್ಣಿನಲ್ಲಿ ಇಟ್ಟೆ. ಉಪ್ಪಿನ ಭರಣಿ ಎತ್ತುವಾಗ ಮಾವಶಿ ಅಡ್ಡ ಬಂದಳು.

"ಅದರ ಮ್ಯಾಲ ಸುರೀತೀರೇನು?"

"ಇದು ಅಡಿಗಿಗಲ್ಲ, ಮಾವಶಿ."

"ಹಂಗಾರ ಯಾರು ತಿಂತಾರ?"

"ಮಣ್ಣು."

"ಮಣ್ಣಿಗೆ ವಿಷಾ ಹಾಕಾಕ ಪುಣೆಕ್ಕ ಹೋಗಿ ಕಲತು ಬಂದ್ರಿ," ಎಂದು ಅವಳು ಬೆನ್ನು ತಿರುಗಿಸಿ ಕೂತಳು. ಉಪ್ಪು ಬೀಳುವ ಸದ್ದಿಗೆ ಕಿವಿ ಮುಚ್ಚಿಕೊಂಡಳು. ಇದ್ದಲಿ ಸುರಿದೆವು, ಮಣ್ಣು ಮುಚ್ಚಿದೆವು, ಎರಡು ಕೊಡದ ಬದಲು ಇಪ್ಪತ್ತು ಕೊಡ ನೀರು ಹಾಕಿದೆವು. ಸಾವ್ಕಾರರೂ ಒಂದು ಕೊಡ ಎತ್ತಿದರೆಂದು ನನ್ನ ನೆನಪು. ಅದು ಸಾಧ್ಯವೇ ಇಲ್ಲ ಎಂದು ಅವರ ಮನೆಯವರು ಹೇಳುತ್ತಾರೆ.

ಮೂರೂವರೆಗೆ ಇನ್‌ಸ್ಪೆಕ್ಟರರು ಪೆಟ್ಟಿಗೆ ತಿರುಗಿಸಿದರು. ಮುಳ್ಳು ಸ್ವಲ್ಪ ಯೋಚನೆ ಮಾಡಿ, ಇಳಿದು ಬರಬೇಕಾದ ಕಡೆಗೆ ಬಂತು. ಅವರು ರುಜು ಹಾಕಿದರು. ಕಡ್ಡಿಪೆಟ್ಟಿಗೆ ಇಸಿದುಕೊಂಡು ಬಾಗಿಲು ದಾಟಿದ ಮೇಲೆ ಗೋಡೆ ಹಿಡಿದು ನಿಂತು ನಕ್ಕರೆಂದು ಬಾಗಿಲು ಕಾಯುವವನು ಆಮೇಲೆ ಹೇಳಿದ.

ಸಾವ್ಕಾರರು ನಕ್ಷೆಯನ್ನು ಕೈಗೆ ತೆಗೆದುಕೊಂಡರು. "ಖಾಯಂ ಅಂದ್ರ ಖಾಯಂ," ಎಂದರು. "ಆದ್ರ ಒಂದು ಕರಾರು. ಬೆಳಗಾವಿ ಡಿಪೋದ ನಕ್ಷೆ ನನಗ ತೋರಸೂಕಿಂತ ಮೊದಲ ಈಕಿಗೆ ಓದಿ ಹೇಳ್ರಿ. ಎಲ್ಲೆಲ್ಲಿ ತಕರಾರ ತಗೀತಾಳ, ಅಲ್ಲಿ ಒಂದೊಂದು ಸಾಲು ಜಾಸ್ತಿ ಬರೀರಿ."

ಬೆಳಗಾವಿಯ ನಕ್ಷೆಯನ್ನು ಓದಿ ಮುಗಿಸಲು ನನಗೂ ಮಾವಶಿಗೂ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಹನ್ನೊಂದು ಸಾಲು ಹೆಚ್ಚಾದವು. ಒಂಬತ್ತು ನಿಜವಾಗಿಯೂ ಬೇಕಾಗಿದ್ದವು.