ಅರ್ಧ ನೋಡಿ ಬಿಟ್ಟ ಉಪಾಯ

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಮೊಬೈಲಿನಲ್ಲಿ ಯಾರಾದರೂ ‘ಇದು ನಿಮಗೆ ಗೊತ್ತೇ?’ ಎಂದು ಕೇಳಿದರೆ ಸಾಕು, ಒಲೆಯ ಮೇಲೆ ಹಾಲಿದ್ದರೂ, ಹೆಂಡತಿ ಏನೋ ಹೇಳುತ್ತಿದ್ದರೂ, ನಾನು ಅಲ್ಲೇ ಕೂತುಬಿಡುತ್ತೇನೆ. ನಾನು ಹಳಿಯಾಳದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಇಡೀ ದಿನ ಮಕ್ಕಳಿಗೆ ‘ನಿಮಗೆ ಗೊತ್ತೇನು?’ ಎಂದು ಕೇಳಿ ಕೇಳಿ ಸಾಕಾಗಿರುತ್ತದೆ. ಸಂಜೆ ದಾಂಡೇಲಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು, ನನ್ನನ್ನೇ ಯಾರಾದರೂ ಹಾಗೆ ಕೇಳಿದರೆ ಎಂಥ ಸಮಾಧಾನ ಗೊತ್ತೇ? ಗೊತ್ತಿಲ್ಲಪ್ಪ, ನೀನೇ ಹೇಳು ಎಂದು ಮನಸಾರೆ ಒಪ್ಪಿಕೊಳ್ಳುತ್ತೇನೆ.

ಬಾಳೆಹಣ್ಣು ಸಸ್ಯಶಾಸ್ತ್ರದ ಪ್ರಕಾರ ಬೆರಿಯಂತೆ, ಸ್ಟ್ರಾಬೆರಿ ಬೆರಿಯೇ ಅಲ್ಲವಂತೆ. ಆಕ್ಟೋಪಸ್ಸಿಗೆ ಮೂರು ಹೃದಯವಂತೆ. ಈ ಕೊನೆಯದನ್ನು ಓಡಿಹೋಗಿ ನನ್ನ ಹೆಂಡತಿ ಗಿರಿಜೆಗೆ ಹೇಳಿದಾಗ ಆಕೆ, ಮೂರು ಇದ್ದು ಅದಕ್ಕೇನು ಉಪಯೋಗ ಆಗೇತಿ, ಮೊದಲು ಹಾಲಿನ ಕಡೆ ನೋಡ್ರಿ ಅಂದಳು. ಹಾಲು ಆಗಲೇ ಉಕ್ಕಿ ಕಟ್ಟೆಯಿಂದ ಕೆಳಗಿಳಿಯುತ್ತಿತ್ತು.

ಬರೀ ಕೇಳಿ ಸುಮ್ಮನಿರುವವನೂ ನಾನಲ್ಲ. ಬಾಳೆಹಣ್ಣಿನ ಸಿಪ್ಪೆಯಿಂದ ತಿಕ್ಕಿದರೆ ಬೂಟು ಹೊಳೆಯುತ್ತವೆ ಎಂದು ನೋಡಿದ ಮರುದಿನವೇ ತಿಕ್ಕಿಕೊಂಡು ಶಾಲೆಗೆ ಹೋದೆ. ಹೊಳೆದವು ನಿಜ. ಆದರೆ ಎರಡನೆಯ ಪಿರಿಯಡ್ಡಿಗೆ ಮಕ್ಕಳೆಲ್ಲ ಪುಸ್ತಕ ಬಿಟ್ಟು ನನ್ನ ಕಾಲನ್ನೇ ನೋಡತೊಡಗಿದರು. ಇರುವೆಗಳು ಶಿಸ್ತಿನಿಂದ ಸಾಲುಗಟ್ಟಿ ಬೂಟು ಹತ್ತಿ, ಪ್ಯಾಂಟಿನ ಅಂಚಿನವರೆಗೆ ಬಂದಿದ್ದವು. ಆ ದಿನ ಸಂಧಿ ಸಮಾಸ ಯಾವುದೂ ನಡೆಯಲಿಲ್ಲ.

ಈ ಚಟ ಮೊಬೈಲಿನಿಂದ ಬಂದದ್ದು ಎಂದು ಗಿರಿಜೆಯ ಆರೋಪ. ಆದರೆ ಇದರ ಬೇರು ಇನ್ನೂ ಹಿಂದಿನದು. ನಾನು ಹುಡುಗನಿದ್ದಾಗ ಶೇಂಗಾ ಕಟ್ಟಿಕೊಟ್ಟ ಪೇಪರಿನ ಪೊಟ್ಟಣವನ್ನು ಬಿಚ್ಚಿ ಓದದೆ ಎಸೆದವನಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದರೆ ಹಿಂಬದಿಯಲ್ಲಿ ಹೊಟ್ಟೆನೋವಿಗೆ ಏನು, ತಿಗಣೆಗೆ ಏನು ಎಂದು ಇರುತ್ತಿತ್ತಲ್ಲ, ಅದನ್ನೂ ಬಿಟ್ಟವನಲ್ಲ. ಒಂದೇ ತೊಂದರೆ, ಪೊಟ್ಟಣದ ಪೇಪರು ಯಾವಾಗಲೂ ಅರ್ಧಕ್ಕೇ ಹರಿದಿರುತ್ತಿತ್ತು. ‘ಹಾವು ಕಚ್ಚಿದಾಗ ಮೊಟ್ಟಮೊದಲು ಮಾಡಬೇಕಾದದ್ದು’ ಎಂಬಲ್ಲಿಗೆ ಮುಗಿದು, ಮುಂದೆ ಎಣ್ಣೆಯ ಕಲೆ. ಹೀಗೆ ಲೋಕದ ಸಂಗತಿಗಳೆಲ್ಲ ಅರ್ಧರ್ಧವಾಗಿಯೇ ನನ್ನೊಳಗೆ ಬಂದು ಕೂತಿವೆ.

ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಹೆಜ್ಜೆಗೆ ಗೌಸಭಾಯಿಯ ಗ್ಯಾರೇಜು. ಜೀಪು ಟ್ರ್ಯಾಕ್ಸುಗಳಿಗೆ ಅವರು ಹೆಸರಾಂತ ಡಾಕ್ಟರು, ನನಗೆ ಹದಿನೈದು ವರ್ಷದ ಗೆಳೆಯರು. ಟೂತ್‌ಪೇಸ್ಟಿನಿಂದ ತಿಕ್ಕಿದರೆ ಮಂಕಾದ ಹೆಡ್‌ಲೈಟು ಹೊಸದಾಗುತ್ತದೆ ಎಂದು ನಾನು ಹೇಳಿದಾಗ ನನ್ನ ಮರ್ಯಾದೆಗಾಗಿ ಒಂದು ಗಾಡಿಗೆ ತಿಕ್ಕಿ ನೋಡಿದ್ದರು. ಮೂರು ದಿನ ಹೊಳೆಯಿತು. ನಾಲ್ಕನೆಯ ದಿನ ನನ್ನನ್ನು ಕರೆದು, ಮಾಸ್ತರ್ರ, ಗಾಡಿ ದಿನಾ ಹಲ್ಲು ತಿಕ್ಕಸ್ರಿ ಅಂತ ಹಟ ಹಿಡದೈತಿ ಎಂದು ತೋರಿಸಿದರು. ಅವರ ಎಡಗೈಯ ಉಂಗುರದ ಬೆರಳಲ್ಲಿ ಕೆಂಪು ಕಲ್ಲಿನ ಒಂದು ಬೆಳ್ಳಿಯುಂಗುರ. ಕಾಗದದ ಗಿರಣಿಯಲ್ಲಿ ಕೆಲಸ ಮಾಡಿದ ಅವರ ಅಪ್ಪ, ಹಾಸಿಗೆ ಹಿಡಿದಾಗ ತಮ್ಮ ಬೆರಳಿನಿಂದ ತೆಗೆದು ಮಗನ ಬೆರಳಿಗೆ ಹಾಕಿದ್ದಂತೆ. ಕೈತುಂಬ ಗ್ರೀಸ್ ಇದ್ದರೂ ಗೌಸಭಾಯಿ ಅದನ್ನು ತೆಗೆದಿಟ್ಟದ್ದನ್ನು ನಾನು ನೋಡಿಲ್ಲ.

ಹೋದ ಡಿಸೆಂಬರಿನ ಒಂದು ರವಿವಾರ ನಾವು ಮೂವರೂ ಅವರ ಜೀಪಿನಲ್ಲಿ ಉಳವಿಗೆ ಹೊರಟೆವು. ಅಲ್ಲಿ ಗಿರಿಜೆಯ ಅಕ್ಕನ ಮನೆ. ಅಕ್ಕನ ಮಗಳು ಹಡೆದಿದ್ದಳು. ಕೂಸಿಗಾಗಿ ಗಿರಿಜೆ ಹಳೆಯ ಇಳಕಲ್ ಸೀರೆಗಳ ಕೌದಿ ಹೊಲೆಯುತ್ತಿದ್ದಳು. ಉಳಿದದ್ದನ್ನು ಅಕ್ಕನ ಜೊತೆ ಕೂತು ಮುಗಿಸುವುದೆಂದು ಬಟ್ಟೆ, ಸೂಜಿ, ದಾರದ ಉಂಡೆ ಎಲ್ಲ ಕಟ್ಟಿಕೊಂಡಿದ್ದಳು. ಗೌಸಭಾಯಿಗೆ ಅಲ್ಲೊಂದು ಹಿಟ್ಟಿನ ಗಿರಣಿಯ ಎಂಜಿನ್ ನೋಡುವ ಕೆಲಸವಿತ್ತು. ನನಗೆ ಯಾವ ಕೆಲಸವೂ ಇರಲಿಲ್ಲ. ಹೀಗಾಗಿ ನಾನೇ ಎಲ್ಲರಿಗಿಂತ ಉತ್ಸಾಹದಲ್ಲಿದ್ದೆ.

ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ಆ ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಅದ್ಭುತ ಸಂಗತಿ ಸಿಕ್ಕಿತ್ತು. ಕಡಜದ ಹುಳ ಒಣಮರದ ನಾರನ್ನು ಕೆರೆದು, ಬಾಯಲ್ಲಿ ಅಗಿದು, ಜೊಲ್ಲಿನಲ್ಲಿ ಕಲಸಿ ಗೂಡು ಕಟ್ಟುತ್ತದಂತೆ. ಆ ಗೂಡೆಂದರೆ ಬೇರೇನಲ್ಲ, ಕಾಗದ. ಮನುಷ್ಯ ಕಾಗದ ಮಾಡುವುದಕ್ಕೆ ಎಷ್ಟೋ ಕಾಲ ಮೊದಲೇ ಈ ಹುಳ ಆ ಕೆಲಸದಲ್ಲಿತ್ತು. ನೋಡಿ, ಬಿದಿರು ಬೇಯಿಸಿ ಕಾಗದ ಮಾಡಿ ಬೆಳೆದ ಊರಿನವನು ನಾನು, ಆ ಬೆಳಿಗ್ಗೆಯವರೆಗೆ ನನಗಿದು ಗೊತ್ತಿರಲಿಲ್ಲ. ದಾರಿಯಲ್ಲಿ ಸೂಪಾ ಅಣೆಕಟ್ಟಿನ ಹಿನ್ನೀರು ಮರಗಳ ನಡುವೆ ಹೊಳೆಯುತ್ತಿತ್ತು. ನಾನದನ್ನು ನೋಡಲಿಲ್ಲ. ನಿಮ್ಮ ಅಪ್ಪನ ಕಸುಬಿನಲ್ಲಿ ಎಲ್ಲರಿಗಿಂತ ಸೀನಿಯರ್ ಅಂದರೆ ಕಡಜ ಎಂದು ಗೌಸಭಾಯಿಗೆ ವಿವರಿಸುತ್ತಿದ್ದೆ. ಅವರು ನಗುತ್ತ ಗೇರು ಬದಲಿಸುತ್ತಿದ್ದರು.

ಜೋಯಿಡಾ ದಾಟಿ ಕಾಡು ದಟ್ಟವಾದ ಮೇಲೆ ನೆಟ್‌ವರ್ಕಿನ ಗೆರೆಗಳು ಒಂದೊಂದೇ ಹೋದವು. ಮೊಬೈಲು ಕಿಸೆಗಿಟ್ಟು ತಲೆಯೆತ್ತಿದರೆ, ರಸ್ತೆಯ ತಿರುವಿನಲ್ಲಿ, ಕೈಗೆಟಕುವ ಟೊಂಗೆಯಲ್ಲಿ, ಬೂದುಬಣ್ಣದ ಒಂದು ಗೂಡು ತೂಗುತ್ತಿತ್ತು. ತೆಂಗಿನ ಚಿಪ್ಪಿನಷ್ಟು ಗಾತ್ರ. ಗಾಡಿ ನಿಲ್ಲಿಸಿರಿ ಎಂದು ಕೂಗಿದೆ. ಗಿರಿಜೆ ಬ್ಯಾಡ ಅಂದಳು. ನಾನಾಗಲೇ ಇಳಿದಿದ್ದೆ. ಗೌಸಭಾಯಿ ಹಿಂದೆಯೇ ಬಂದರು. ಅಪ್ಪನ ಕಸುಬಿನ ಮಾತು ಅವರ ಮನಸ್ಸಿಗೂ ಹತ್ತಿತ್ತು ಅಂತ ಕಾಣುತ್ತದೆ. ಹೌದಲ್ರಿ, ಕಾಗದಾನ ಐತಿ ಎನ್ನುತ್ತ, ನನಗೆ ಸರಿಯಾಗಿ ಕಾಣಲೆಂದು ಟೊಂಗೆಯನ್ನು ಒಂದಿಷ್ಟು ಬಗ್ಗಿಸಿದರು.

ಗೂಡಿನಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೆವು. ಇದ್ದರು. ಕಡಜದ ಬಗ್ಗೆ ಓದಿಕೊಂಡಿದ್ದ ನಾನು ಮೊದಲು ಓಡಿದೆ. ಓದದಿದ್ದ ಗೌಸಭಾಯಿಗೆ ಕಚ್ಚಿತು, ಎಡಗೈಗೆ, ಎರಡು ಕಡೆ, ಎರಡೂ ಆ ಉಂಗುರದ ಬೆರಳಿಗೇ.

ಗಾಡಿಯನ್ನು ಹೇಗೋ ಒಂದಿಷ್ಟು ಮುಂದೆ ತಂದು ನಿಲ್ಲಿಸಿದರು. ನೋಡುನೋಡುತ್ತ ಬೆರಳು ಬದನೆಕಾಯಿಯಂತೆ ಊದಿತು. ಉಂಗುರ ಮಾಂಸದೊಳಗೆ ಹೂತುಹೋಗಿ ಕಲ್ಲೊಂದೇ ಮೇಲೆ ಕಾಣುತ್ತಿತ್ತು. ಬೆರಳ ತುದಿ ಮೊದಲು ಕೆಂಪಾಯಿತು, ಆಮೇಲೆ ನೀಲಿಗೆ ತಿರುಗಿತು. ಗಿರಿಜೆಯ ಚೀಲದ ಕೊಬ್ಬರಿ ಎಣ್ಣೆ ಹಚ್ಚಿ ತಿರುವಿದೆವು, ಉಂಗುರ ಕದಲಲಿಲ್ಲ. ಆ ಕೈಯಲ್ಲಿ ಗೇರು ಹಿಡಿಯಲು ಆಗುವಂತಿರಲಿಲ್ಲ. ನನಗಾಗಲಿ ಗಿರಿಜೆಗಾಗಲಿ ಗಾಡಿ ಓಡಿಸಲು ಬರುವುದಿಲ್ಲ. ಹಿಂದೆ ಜೋಯಿಡಾದ ದವಾಖಾನೆ ದೂರ, ಮುಂದೆ ಉಳವಿಯೂ ದೂರ. ಅರ್ಧ ತಾಸು ಕಾದರೂ ಆ ದಾರಿಯಲ್ಲಿ ಒಂದು ಗಾಡಿ ಬರಲಿಲ್ಲ. ಮೊಬೈಲು ತೆಗೆದು ಮೇಲೆತ್ತಿ ಹಿಡಿದೆ, ಬಂಡೆ ಹತ್ತಿ ಹಿಡಿದೆ. ಏನೂ ಇಲ್ಲ.

ಗೌಸಭಾಯಿ ಎದ್ದು ಸೀಟಿನ ಕೆಳಗಿನ ಟೂಲ್ ಬಾಕ್ಸಿನಿಂದ ತಂತಿ ಕತ್ತರಿಸುವ ಪಕ್ಕಡ್ ತಂದು ನನ್ನ ಕೈಗಿಟ್ಟರು.

“ನೀವ ಕತ್ತರಿಸ್ರಿ ಮಾಸ್ತರ್ರ. ಅಪ್ಪಂದು. ನನ್ನ ಕೈಲೆ ಆಗೂದಿಲ್ಲ.”

ಅಷ್ಟು ಹೇಳಿ ಅವರು ಮರಗಳ ಕಡೆ ಮುಖ ತಿರುಗಿಸಿದರು. ನನ್ನ ಒಂದು ಹುಚ್ಚಿನಿಂದಾಗಿ ಒಬ್ಬ ಮನುಷ್ಯನ ಬೆರಳು ಹೋಗಬೇಕು, ಇಲ್ಲವೇ ಅವನ ಅಪ್ಪನ ಉಂಗುರ ಹೋಗಬೇಕು. ಎಲ್ಲಿಂದ ಕತ್ತರಿಸಲಿ ಎಂದು ನೋಡಿದರೆ ಪಕ್ಕಡಿನ ತುದಿ ತೂರಿಸುವಷ್ಟೂ ಸಂದಿಯಿಲ್ಲ. ಪಕ್ಕಡ್ ಏನು, ಒಂದು ಎಳೆ ದಾರ ಹೋದರೆ ಹೆಚ್ಚು ಎಂದುಕೊಂಡೆ. ಹಾಗೆಂದುಕೊಂಡ ಕ್ಷಣ ನೆನಪಾಯಿತು. ದಾರ! ನಾನದನ್ನು ನೋಡಿದ್ದೆ. ಒಂದು ತಿಂಗಳ ಹಿಂದೆ, ಹಳಿಯಾಳದ ಬಸ್ಸಿನಲ್ಲಿ. ಊದಿದ ಬೆರಳಿಗೆ ದಾರ ಸುತ್ತಿ, ಸಿಕ್ಕಿಕೊಂಡ ಉಂಗುರವನ್ನು ಕತ್ತರಿಸದೆ ತೆಗೆಯುವ ಉಪಾಯ.

ಗಿರಿಜೆಯ ದಾರದ ಉಂಡೆ ಕಸಿದುಕೊಂಡು ಗೌಸಭಾಯಿಯ ಬೆರಳಿಗೆ ಸುತ್ತಿದೆ. ಉಂಗುರದ ಅಂಚಿನಿಂದ ಶುರುಮಾಡಿ, ಬಿಗಿಯಾಗಿ, ಒಂದರ ಪಕ್ಕ ಒಂದು, ಗೆಣ್ಣು ದಾಟುವವರೆಗೆ. ಚಂದ ಬಂತು. ವಿಡಿಯೊದಲ್ಲಿ ಇದ್ದಂತೆಯೇ ಇತ್ತು. ಅಲ್ಲಿಗೆ ನಿಂತೆ.

“ಮುಂದ?” ಅಂದಳು ಗಿರಿಜೆ.

ಮುಂದೆ ನಾನು ನೋಡಿರಲಿಲ್ಲ. ದಾರ ಸುತ್ತಿ ಮುಗಿದ ಹೊತ್ತಿಗೆ ಸರಿ, ಗೊತ್ತಾಯಿತು ಎಂದುಕೊಂಡು ಬೆರಳಿನಿಂದ ಮೇಲಕ್ಕೆ ತಳ್ಳಿ, ಮರಕುಟಿಗನಿಗೆ ಯಾಕೆ ತಲೆನೋವು ಬರುವುದಿಲ್ಲ ಎಂಬ ಮುಂದಿನ ವಿಡಿಯೊಗೆ ಹೋಗಿಬಿಟ್ಟಿದ್ದೆ. ಇದನ್ನು ಹೇಳಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಬೈಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಆಕೆಗೆ ಸಿಕ್ಕಿರಲಿಕ್ಕಿಲ್ಲ. ಆದರೆ ಬೈಯಲಿಲ್ಲ. ಕೌದಿಯನ್ನು ಮಡಿಲಿಗೆ ಹಾಸಿಕೊಂಡು, ಗೌಸಭಾಯಿಯ ಕೈಯನ್ನು ಅದರ ಮೇಲಿಟ್ಟುಕೊಂಡು, ಅರಿವೆಯ ಗಂಟು ನೋಡುವಂತೆ ಒಂದು ಗಳಿಗೆ ನೋಡಿದಳು. ನಾನು ಸುತ್ತಿದ್ದನ್ನೆಲ್ಲ ಬಿಚ್ಚಿದಳು.

ಆಮೇಲೆ ಆಕೆ ಮಾಡಿದ್ದು ಇಷ್ಟು. ಸೂಜಿಗೆ ದಾರ ಪೋಣಿಸಿ, ಚುಚ್ಚದ ಹಿಂಬದಿಯನ್ನು ಮುಂದುಮಾಡಿ, ಉಂಗುರದ ಅಡಿಯಿಂದ ಮೆಲ್ಲಗೆ ಅಂಗೈ ಕಡೆಗೆ ದಾಟಿಸಿದಳು. ಆ ಕಡೆ ಒಂದು ಗೇಣು ದಾರ ಬಿಟ್ಟಳು. ಉಗುರಿನ ಕಡೆಯ ದಾರವನ್ನು ನಾನು ಸುತ್ತಿದಂತೆಯೇ ಗೆಣ್ಣು ದಾಟುವವರೆಗೆ ಬಿಗಿಯಾಗಿ ಸುತ್ತಿ ತುದಿಯನ್ನು ನನ್ನ ಕೈಗೆ ಕೊಟ್ಟು, ಗಟ್ಟ್ಯಾಗಿ ಹಿಡಕೋರಿ ಅಂದಳು. ನಂತರ ಅಂಗೈ ಕಡೆ ಬಿಟ್ಟಿದ್ದ ತುದಿಯನ್ನು ಹಿಡಿದು ಬೆರಳಿನ ಸುತ್ತ ತಿರುವುತ್ತ ಬಿಚ್ಚತೊಡಗಿದಳು. ದಾರ ಯಾವ ಕಡೆಯಿಂದ ಬಿಚ್ಚಿದರೆ ಬಟ್ಟೆ ಯಾವ ಕಡೆ ಜಗ್ಗುತ್ತದೆ ಎಂಬುದು ಕೌದಿ ಹೊಲೆಯುವವರಿಗೆ ಗೊತ್ತಿಲ್ಲದೆ ಏನು ಎಂದು ಆಮೇಲೆ ನನಗೆ ಹೇಳಿದಳು. ಒಂದು ಸುತ್ತು ಬಿಚ್ಚಿದಾಗ ಉಂಗುರ ಒಂದು ಎಳೆಯಷ್ಟು ಮುಂದೆ ಬಂತು. ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಎಳೆ.

ಗೌಸಭಾಯಿ ನೋವಿಗೆ ಹಲ್ಲು ಕಚ್ಚಿ ಹಿಡಿದಿದ್ದರು. ಹಣೆಯಲ್ಲಿ ಬೆವರು.

“ಏನರ ಹೇಳ್ರಿ ಮಾಸ್ತರ್ರ,” ಅಂದರು. “ಸುಮ್ಮ ಕುಂದರಬ್ಯಾಡ್ರಿ.”

ನನ್ನ ಜೀವಮಾನದಲ್ಲಿ ಒಬ್ಬರು ತಾವಾಗಿ ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು. ಹೇಳಿದೆ. ಜೇನುತುಪ್ಪ ಕೆಡುವುದಿಲ್ಲ ಎಂದೆ. ಮರಕುಟಿಗನ ನಾಲಿಗೆ ತಲೆಬುರುಡೆಯನ್ನು ಬಳಸಿಕೊಂಡು ಹೋಗಿರುತ್ತದೆ ಎಂದೆ. ಚಿಟ್ಟೆ ಕಾಲಿನಿಂದ ರುಚಿ ನೋಡುತ್ತದೆ ಎಂದೆ. ಉಂಗುರ ಗೆಣ್ಣಿನ ಮೇಲೆ ಬಂದು ನಿಂತಾಗ ಅವರು ಕಣ್ಣು ಮುಚ್ಚಿದರು, ನಾನು ದನಿ ಏರಿಸಿದೆ. ಆಕ್ಟೋಪಸ್ಸಿಗೆ ಮೂರು ಹೃದಯ, ರಕ್ತ ಕೆಂಪಲ್ಲ ನೀಲಿ ಎಂದು ಹೇಳುತ್ತಿರುವಾಗ ಉಂಗುರ ಗೆಣ್ಣು ದಾಟಿ ಕೌದಿಯ ಮೇಲೆ ಬಿತ್ತು. ಮೂವರೂ ಅದನ್ನೇ ನೋಡುತ್ತ ಕೂತೆವು. ಆಮೇಲೆ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಗಿರಿಜೆಯ ಕಣ್ಣಲ್ಲಿ ನೀರು ಬಂತು. ನಾನಂತೂ ಆ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಓಡಿ ಬಂದೆ, ಯಾಕೆ ಎಂದು ಕೇಳಬೇಡಿ.

ಒದ್ದೆ ಬಟ್ಟೆ ಸುತ್ತಿ, ಕೈಯನ್ನು ಎತ್ತಿ ಹಿಡಿದು ಕೂತ ಮೇಲೆ ಬೆರಳಿನ ಬಣ್ಣ ನಿಧಾನವಾಗಿ ತಿರುಗಿತು. ಉಂಗುರವನ್ನು ಗಿರಿಜೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗೌಸಭಾಯಿ ಅಂಗೈಯಿಂದಲೇ ಗೇರು ತಳ್ಳುತ್ತ, ಎತ್ತಿನ ಬಂಡಿಯ ವೇಗದಲ್ಲಿ ನಮ್ಮನ್ನು ಉಳವಿ ಮುಟ್ಟಿಸಿದರು. ಊರಿನ ನರ್ಸಬಾಯಿ ಬಂದು ನೋಡಿ, ಗುಳಿಗೆ ಕೊಟ್ಟು, ಇಷ್ಟು ಊದಿದಾಗ ತಡಮಾಡದೆ ದವಾಖಾನೆಗೆ ಬರಬೇಕು ಎಂದು ನನಗೇ ಗದರಿದಳು. ಒಪ್ಪಿಕೊಂಡೆ.

ಸಂಜೆಯೊಳಗೆ ಸುದ್ದಿ ಓಣಿಗೆಲ್ಲ ಹಬ್ಬಿತ್ತು. ಗಿರಿಜೆಯ ಅಕ್ಕನ ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳು ಸೇರಿದರು. ಗಿರಿಜೆ ಕೌದಿ ಬದಿಗಿಟ್ಟು, ಒಬ್ಬೊಬ್ಬರ ಬೆರಳಿಗೂ ದಾರ ಸುತ್ತಿ ಬಿಚ್ಚಿ ತೋರಿಸುತ್ತಿದ್ದಳು. ಉಪಾಯ ಯಾರದು ಎಂದು ಯಾರೂ ಕೇಳಲಿಲ್ಲ. ನಾನು ಒಂದೆರಡು ಸಲ ಕೆಮ್ಮಿದೆ.

ಕೊನೆಗೆ ಪಕ್ಕದ ಮನೆಯ ಸಾವಿತ್ರಿಬಾಯಿ ಮುಂದೆ ಬಂದಳು. ಮನೆಯಲ್ಲಿ ಕೊಂಕಣಿ ಆಡುವ, ಎಪ್ಪತ್ತರ ಆಸುಪಾಸಿನ ಮುದುಕಿ. ಬಲಗೈ ಚಾಚಿದಳು. ಗದ್ದೆಗೆಲಸದಲ್ಲಿ ಗೆಣ್ಣುಗಳು ದಪ್ಪಗಾದ ಬೆರಳು, ಅದರ ಬುಡದಲ್ಲಿ ಸವೆದ ಒಂದು ಸಣ್ಣ ಚಿನ್ನದ ಉಂಗುರ. ಮದುವೆಯದಂತೆ. ಅದು ಹೊರಗೆ ಬಾರದೆ ಮೂವತ್ತು ವರ್ಷವಾಗಿತ್ತಂತೆ. ತೆಗೀಲೇನು ಎಂದು ಗಿರಿಜೆ ಕೇಳಿದಳು. ಮುದುಕಿ ಹೂಂ ಎಂದು ತಲೆಯಾಡಿಸಿದಳು. ಇದಕ್ಕೆ ಬಹಳ ಹೊತ್ತು ಹಿಡಿಯಿತು. ಎರಡು ಸಲ ಸುತ್ತಿ ಬಿಚ್ಚಿದ ಮೇಲೆ ಉಂಗುರ ಬಂತು.

ಅದು ಇದ್ದ ಜಾಗದಲ್ಲಿ ಬೆಳ್ಳಗಿನ ಒಂದು ಪಟ್ಟಿ. ಆ ಕೈಯಲ್ಲಿ ಅದೊಂದೇ ಜಾಗ ಎಳೆಯ ಹುಡುಗಿಯ ಬೆರಳಿನಂತೆ ನುಣ್ಣಗಿತ್ತು. ಸಾವಿತ್ರಿಬಾಯಿ ಅದನ್ನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಸವರಿದಳು, ಬಿಸಿಲಿಗೆ ಹಿಡಿದು ನೋಡಿದಳು. ಹಿತ್ತಲಿಗೆ ಹೋಗಿ ಬೆರಳನ್ನೂ ಉಂಗುರವನ್ನೂ ತೊಳೆದುಕೊಂಡು ಬಂದಳು. ಇನ್ನು ಡಬ್ಬಿಯಲ್ಲಿ ಭದ್ರವಾಗಿ ಇಡುತ್ತಾಳೆ ಎಂದು ನಾವಂದುಕೊಂಡರೆ, ಬೆರಳಿಗೆ ಎಣ್ಣೆ ಸವರಿ, ಹಲ್ಲು ಕಚ್ಚಿ ತಿರುವಿ ತಿರುವಿ, ಅದನ್ನು ಮತ್ತೆ ಹಾಕಿಕೊಂಡುಬಿಟ್ಟಳು.

ಇಷ್ಟು ಕಷ್ಟಪಟ್ಟು ತೆಗೆಸಿ ಮತ್ತೆ ಯಾಕೆ ಹಾಕಿಕೊಂಡಿ ಎಂದು ನಾನು ಕೇಳಿದೆ.

“ತೆಗೀಬೇಕು ಅಂತ ಇರ್ಲಿಲ್ಲ ಮಾಸ್ತರ,” ಅಂದಳು ಆಕೆ. “ತೆಗೀಲಿಕ್ಕೆ ಆಗ್ತದೋ ಇಲ್ವೋ ನೋಡಬೇಕಿತ್ತು.”

ಗಿರಿಜೆಯ ಅಕ್ಕ ಚಹಾ ತಂದಳು. ಸಾವಿತ್ರಿಬಾಯಿ ಕಪ್ಪನ್ನು ಪಕ್ಕಕ್ಕಿಟ್ಟುಕೊಂಡು ಬೆರಳನ್ನೇ ನೋಡುತ್ತ ಕೂತಿದ್ದಳು. ಉಂಗುರ ಮೊದಲಿಗಿಂತ ಸಡಿಲಾಗಿರಲಿಲ್ಲ, ಗೆಣ್ಣು ಮೊದಲಿಗಿಂತ ಸಣ್ಣದಾಗಿರಲಿಲ್ಲ. ಆದರೂ ಆಕೆಯ ಮುಖ ನೋಡಿದರೆ, ಮೂವತ್ತು ವರ್ಷ ಅದು ತನ್ನನ್ನು ಹಿಡಿದುಕೊಂಡಿತ್ತು, ಇವತ್ತಿನಿಂದ ತಾನು ಅದನ್ನು ಹಾಕಿಕೊಂಡಿದ್ದೇನೆ ಎಂಬಂತಿತ್ತು.