ದೇವರ ಕೋಣೆಯಲ್ಲಿದ್ದ ಜೀಪಿನ ಕೊಕ್ಕೆ

ಅಳಿಯ ಜೀಪು ಕೊಂಡಿದ್ದಾನೆ. ಹಿಂದೆ ಟ್ರೇಲರ್ ಎಳೆಯಲು ಕೊಕ್ಕೆ ಹಾಕಿಸಬೇಕಂತೆ. ಅಂಗಡಿಯಿಂದ ತಂದ ಒಂದನ್ನು ನನ್ನ ಮೇಜಿನ ಮೇಲಿಟ್ಟು, "ಮಾವ, ಇದು ಕಳಚಲೆ ಬತ್ತು. ಇನ್ನೊಂದು ಖಾಯಂ. ಯಾವ್ದು ಹಾಕ್ಸಿದ್ರೆ ಅಡ್ಡಿಲ್ಲೆ?" ಎಂದ. ಕೊಕ್ಕೆಗೆ ಹಚ್ಚಿದ್ದು ಎಂಥದೋ ಯಂತ್ರದ ಎಣ್ಣೆ; ನನ್ನ ಮೂಗಿಗೆ ಮಾತ್ರ ಕೊಬ್ಬರಿ ಎಣ್ಣೆಯಾಯಿತು. ಮೂಗನ್ನು ನಂಬಿ ಮುಂದಿನದನ್ನು ಬರೆಯುತ್ತಿದ್ದೇನೆ. ನೀವು ಅಷ್ಟೆಲ್ಲ ನಂಬಬೇಕಾಗಿಲ್ಲ.

ಅರವತ್ತರ ದಶಕದ ಆರಂಭ. ಹೊನ್ನಾವರದ ನನ್ನ ಸೋದರಮಾವ ಮಿಲಿಟರಿ ಹರಾಜಿನಲ್ಲಿ ಜೀಪೊಂದನ್ನು ಹಿಡಿದರು. ಅದರ ಬಣ್ಣ ಹಸಿರೆಂದು ಎಷ್ಟೋ ಕಡೆ ಹೇಳಿದ್ದೇನೆ. ಇರುವ ಒಂದೇ ಫೋಟೋ ಕಪ್ಪು-ಬಿಳುಪು. ಉಸುಕಿನಲ್ಲಿ ಹೂತುಹೋಗದೆ ಓಡುವ ಗಾಡಿ ಸುತ್ತಮುತ್ತ ಅದೊಂದೇ. ಧಾರೇಶ್ವರದ ಮೀನುಗಾರ ತಿಮ್ಮಪ್ಪ ಅದಕ್ಕೇ ಮಾವನಿಗೆ ಗಂಟುಬಿದ್ದ. ಅವನಿಗಿದ್ದದ್ದು ಒಂದೇ ದೋಣಿ. ಕಡಲು ಏರಿದಾಗ ಅದನ್ನು ಮೇಲಕ್ಕೆಳೆಯಲು ಇಪ್ಪತ್ತು ಜನ ಬೇಕು, ಇಲ್ಲವೇ ಒಂದು ಜೀಪು. "ಹೇಳಿ ಕಳ್ಸು, ಬತ್ತೆ" ಎಂದು ಮಾವ ಮಾತು ಕೊಟ್ಟರು.

ಕೊಕ್ಕೆ ಮಾಡಿಸಲು ಮಾವ, ತಿಮ್ಮಪ್ಪ, ನಾನು ಮೂವರೂ ಕುಮಟೆಯ ಮೇಸ್ತ್ರಿಯ ಬಳಿ ಹೋದೆವು. "ಬೆಸುಗೆ ಹಾಕ್ಸಿ ಬಿಡಿ ಒಡೆಯಾ, ಅಲ್ಲೇ ಬಿದ್ಕಂಡಿರ್ಲಿ" ಎಂದ ತಿಮ್ಮಪ್ಪ. ಮಾವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದ ನಾನು ಇಂಗ್ಲಿಷ್ ಕ್ಯಾಟಲಾಗೊಂದನ್ನು ಓದಿದ್ದೆ, ಅಂದರೆ ಚಿತ್ರ ನೋಡಿದ್ದೆ. ಕಳಚುವ ಕೊಕ್ಕೆಯೇ ಆಧುನಿಕ ಎಂದು ಭಾಷಣ ಬಿಗಿದೆ: ಬೇಕಾದಾಗ ಸಿಕ್ಕಿಸಿ ಪಿನ್ನು ಹಾಕುವುದು, ಬೇಡವಾದಾಗ ತೆಗೆದಿಡುವುದು; ತುಕ್ಕು ಹಿಡಿಯದು, ಯಾರ ಮೊಣಕಾಲಿಗೂ ತಾಗದು. ಮೊಣಕಾಲಿನ ಮಾತಿಗೆ ಮಾವ ಒಪ್ಪಿದರು.

"ಬೇಕಾದಾಗ ಅದು ಎಲ್ಲಿರ್ತದೆ?" ಎಂದು ತಿಮ್ಮಪ್ಪ ಕೇಳಿದ. ನಾನು ನಕ್ಕೆ.

ಕೊಕ್ಕೆಗೆ ನಮ್ಮಲ್ಲಿ ಮಗುವಿನ ಆರೈಕೆ. ಕೆಲಸ ಮುಗಿದೊಡನೆ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯಲ್ಲಿ ಸುತ್ತಿ ಸೀಟಿನಡಿ ಇಡುವುದು. ಆಯುಧಪೂಜೆ ಬಂತು. ಕತ್ತಿ, ಕೊಡಲಿ, ಅತ್ತೆ ತರಕಾರಿ ಹೆಚ್ಚುವ ಮೆಟ್ಟುಗತ್ತಿಯ ಸಾಲಿನಲ್ಲಿ ಮಾವ ಕೊಕ್ಕೆಯನ್ನೂ ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. ಜೀಪು ಒಳಗೆ ಹಿಡಿಸದ್ದರಿಂದ ಅಂಗಳದಲ್ಲೇ ಹಾರ ಹಾಕಿಸಿಕೊಂಡಿತು. ಪೂಜೆಗಿಟ್ಟದ್ದನ್ನು ಮರುದಿನ ಆರತಿಯಾಗುವ ತನಕ ಮುಟ್ಟುವಂತಿಲ್ಲ.

ಮಧ್ಯಾಹ್ನ ಸೈಕಲ್ಲಿನಲ್ಲಿ ಆಳು ಬಂದ: ಕಡಲು ಏರ್ತಿದೆ, ಜೀಪು ತರಬೇಕಂತೆ. ಹಾರ ಸಮೇತ ಹೊರಟೆವು. ದಡದಲ್ಲಿ ತಿಮ್ಮಪ್ಪ ಹಗ್ಗದ ಕುಣಿಕೆ ಹಿಡಿದು ಜೀಪಿನ ಹಿಂದೆ ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಒಡೆಯಾ, ಕೊಕ್ಕೆ?"

ಮಾವ ನನ್ನನ್ನು ನೋಡಿದರು. ನಾನು ಕಡಲನ್ನು ನೋಡಿದೆ.

"ದೇವರ ಮುಂದೆ ಇದ್ದು" ಎಂದರು ಮಾವ.

"ದೇವ್ರಿಗೆ ಎಂತ ಎಳೆಯೂದಿತ್ತು?"

ಮನೆಗೆ ಹೋಗಿ ಬರುವಷ್ಟು ಹೊತ್ತು ಕಡಲು ಕೊಡಲಿಲ್ಲ. ಹಗ್ಗವನ್ನು ಬಂಪರಿಗೇ ಕಟ್ಟಿದೆವು. ದೋಣಿ ಮಾರುದ್ದ ಬಂತು. ಆಮೇಲೆ ಬಂಪರು ಮಾತ್ರ ಬಂತು. ಹಬ್ಬದ ದಿನ ಇಪ್ಪತ್ತು ಜನ ಎಲ್ಲಿಂದ? ದೋಣಿ ಬಂಡೆಗೆ ಬಡಿದು ಬಾಯಿಬಿಟ್ಟಿತು.

ನನ್ನ ಅಕ್ಕ ಹೇಳುವಂತೆ ಸೀಳಿದ್ದು ಒಂದೇ ಹಲಗೆ. ಅಕ್ಕ ಆ ದಿನ ಭಟ್ಕಳದಲ್ಲಿದ್ದಳು. ಆದರೂ ಅವಳ ನೆನಪನ್ನೇ ಇಟ್ಟುಕೊಳ್ಳಲು ನೋಡಿದ್ದೇನೆ, ಆಗುವುದಿಲ್ಲ. ಮುಂದಿನ ವರ್ಷ ತಿಮ್ಮಪ್ಪ ಬೇರೆಯವರ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಇನ್ನೊಂದು: ಕೊಕ್ಕೆಯನ್ನು ದೇವರ ಮುಂದಿಟ್ಟವರು ಮಾವ ಎಂದು ಮೇಲೆ ಬರೆದೆನಲ್ಲ, ಯಾವಾಗಲೂ ಹಾಗೇ ಹೇಳುತ್ತ ಬಂದಿದ್ದೇನೆ. ಇಟ್ಟವನು ನಾನು.

ಅಳಿಯ ಕಾಯುತ್ತಿದ್ದ.

"ಖಾಯಂದೇ ಹಾಕ್ಸು" ಎಂದೆ.

"ಮೊಣಕಾಲಿಗೆ ತಾಗ್ತು ಮಾವ."

"ತಾಗ್ಲಿ. ಕೊಕ್ಕೆ ಅಲ್ಲೇ ಇದ್ದು ಹೇಳಿ ಗೊತ್ತಾಗ್ತು."