ಚಿಂದಿಗಂಟಿನ ಮಾಸ್ತರರು

ಮಾಸ್ತರರು ಕೈಜೋಡಿಸಿ 'ಶರಣ್ರಿ' ಅಂದಾಗ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಅವರ ಬೆರಳುಗಳು. ತುದಿಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ, ಚರ್ಮ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಹೆಚ್ಚು ಬಿರಿದ ಕಡೆ ಬಟ್ಟೆಯ ಪಟ್ಟಿ ಸುತ್ತಿಕೊಂಡಿರುತ್ತಿದ್ದರು. ಮೊದಲ ಸಲ ನೋಡಿದಾಗ, ಯಾರದೋ ಮದುವೆಯ ಅರಿಷಿಣ ತೊಳೆದುಕೊಳ್ಳದೆ ಬಂದಿದ್ದಾರೆ ಅಂದುಕೊಂಡೆ. ಅದು ಅವರ ಕಸುಬಿನ ಔಷಧ ಸುಟ್ಟ ಗುರುತು ಎಂದು ತಿಳಿದದ್ದು ಆಮೇಲೆ.

ಅವರು ಮೂಲತಃ ಬಬಲೇಶ್ವರದವರು. ಸಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಅದನ್ನು ಬಿಟ್ಟು ಮುಂಬಯಿಗೆ ಹೋಗಿ, ರೇಷ್ಮೆ ಪರದೆಯ ಮೂಲಕ ಬಣ್ಣ ಇಳಿಸಿ ಚಿತ್ರ ಅಚ್ಚು ಹಾಕುವ ವಿದ್ಯೆ ಕಲಿತು ಬಂದರು. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದು ಮಾಳಿಗೆಯ ಕೋಣೆ ಹಿಡಿದು ಬೀಡಿ ಕಟ್ಟಿನ ಚೀಟಿ, ಅಂಗಡಿಯ ಹೆಸರಿನ ಫಲಕ, ದೇವರ ಪಟ ಮಾಡಿಕೊಡುತ್ತಿದ್ದರು. ಸಾಲೆ ಬಿಟ್ಟರೂ ಮಾಸ್ತರ ಎನ್ನುವ ಹೆಸರು ಅವರನ್ನು ಬಿಡಲಿಲ್ಲ. ಹೆಂಡತಿ ಮಕ್ಕಳಿರಲಿಲ್ಲ. ಮಾತೂ ಕಡಿಮೆ.

ನಾನು ಅವರನ್ನು ಕಂಡದ್ದು ನನ್ನ ಗಂಡ ತೀರಿಕೊಂಡ ಮೇಲೆ. ಯುದ್ಧದ ಕಾಲ ಅದು. ನಾನು ತಿಕೋಟಾಕ್ಕೆ ಸೊಸೆಯಾಗಿ ಬಂದು ಎರಡು ವರ್ಷ ಕೂಡ ತುಂಬಿರಲಿಲ್ಲ, ವಿಷಮಜ್ವರ ಬಂತು, ಹೋಗಿಬಿಟ್ಟರು. ನಮ್ಮ ಮನೆಯಲ್ಲಿ ಅಳುವುದಕ್ಕೂ ಸರದಿ ಇತ್ತು. ಮೊದಲು ಅತ್ತೆ, ಆಮೇಲೆ ನಾದಿನಿಯರು, ಜಾಗ ಉಳಿದರೆ ನಾನು. ಮೊನ್ನೆ ಮೊನ್ನೆ ಬಂದ ಹುಡುಗಿಗೆ ನಮ್ಮ ಮಗನ ವಿಷಯ ಏನು ಗೊತ್ತಿದ್ದೀತು ಎಂದು ಅವರ ಲೆಕ್ಕ. ಬಂದವರೆಲ್ಲ ಅತ್ತೆಯನ್ನು ಮಾತಾಡಿಸಿ, ನನ್ನ ಬರಿಗೈ ನೋಡಿ, ಚಹಾ ಕುಡಿದು ಹೋಗುತ್ತಿದ್ದರು. ನನ್ನನ್ನು ಒಬ್ಬರೂ ಏನೂ ಕೇಳಲಿಲ್ಲ. ಮಾವನವರ ಎದುರು ಬಾಯಿ ಬಿಡುವ ರೂಢಿಯೂ ಸೊಸೆಯಂದಿರಿಗೆ ಇರಲಿಲ್ಲ.

ನನ್ನ ಗಂಡನದೊಂದೇ ಫೋಟೋ ಇತ್ತು. ವಿಜಾಪುರದಲ್ಲಿ ತೆಗೆಸಿದ್ದು. ಕುರ್ಚಿಯಲ್ಲಿ ಕುಳಿತಿದ್ದಾರೆ, ಮೈಮೇಲೆ ಕೋಟು, ತಲೆಗೆ ರುಮಾಲು. ವರ್ಷದ ದಿನಕ್ಕೆ ಅದನ್ನೇ ಬಣ್ಣದ ಪಟ ಮಾಡಿಸಿ ಬೀಗರಿಗೆಲ್ಲ ಕೊಡಬೇಕೆಂದು ಮಾವನವರು ಮಾಸ್ತರರಲ್ಲಿಗೆ ಹೋದರು. "ಯಾವ ಬಣ್ಣರೆ ಹಾಕ್ರಿ, ಚಂದ ಕಂಡ್ರ ಸಾಕು" ಅಂದರಂತೆ. ಮಾಸ್ತರರು ಅದಕ್ಕೆ ಹೂಂ ಅನ್ನಲಿಲ್ಲ. "ಮನಿಗೇ ಬರ್ತೇನ್ರಿ" ಅಂದು ಕಳಿಸಿಬಿಟ್ಟರು.

ಒಂದು ಮುಂಜಾನೆ ಬಂದೇ ಬಂದರು. ಆಗ ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಬಸ್ಸು ಓಡಿಸುತ್ತಿದ್ದರು, ಮುಖವೆಲ್ಲ ಮಸಿಯಾಗಿತ್ತು. ಪಡಸಾಲೆಯಲ್ಲಿ ಕುಳಿತು ಬಗಲಿನ ಗಂಟು ಬಿಚ್ಚಿದರು. ಅದರ ತುಂಬ ಚಿಂದಿ. ಸೀರೆಯ ಸೆರಗಿನವು, ಕುಪ್ಪಸದವು, ಹಳೆಯ ಧೋತರದ ದಡಿಯವು. ಒಂದೊಂದು ಬಣ್ಣಕ್ಕೆ ಹತ್ತಾರು ತುಣುಕು.

"ಬಣ್ಣದ ಹೆಸರ ಹೇಳಬ್ಯಾಡ್ರಿ. ನಿಮ್ಮ ಕೆಂಪು ಬ್ಯಾರೆ, ನನ್ನ ಕೆಂಪು ಬ್ಯಾರೆ. ಚಿಂದಿ ಎತ್ತಿ ತೋರಸ್ರಿ" ಅಂದರು.

"ಏನ್ ಮಾಸ್ತರ, ಬಟ್ಟಿ ವ್ಯಾಪಾರ ಸುರು ಮಾಡೀರೇನು?" ಎಂದು ಮಾವನವರು ನಕ್ಕರು. ಮಾಸ್ತರರು ನಗಲಿಲ್ಲ. ಕಳ್ಳಕವಟಗಿಯ ಒಂದು ಮನೆಯ ಸಂಗತಿ ಹೇಳಿದರು. ತೀರಿಕೊಂಡ ಮುದುಕಿಯೊಬ್ಬಳ ಫೋಟೋದಲ್ಲಿ ಹಣೆಯ ಮೇಲೆ ಕಪ್ಪು ಬೊಟ್ಟು ಕಾಣುತ್ತಿತ್ತಂತೆ. ಇವರು ಕುಂಕುಮವೆಂದು ತಿಳಿದು ಕೆಂಪು ಹಾಕಿ ಕೊಟ್ಟರು. ಅದು ಹಚ್ಚೆಯ ಬೊಟ್ಟು. ಆಕೆ ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಮನೆಯವರು ಎದುರಿಗೆ ಏನೂ ಅನ್ನದೆ ಪಟ ಇಸಿದುಕೊಂಡರು. ಮುಂದೆ ಯಾವಾಗಲೋ ಅಲ್ಲಿಗೆ ಹೋದಾಗ ಮಾಸ್ತರರು ನೋಡುತ್ತಾರೆ, ಪಟದ ಹಣೆಯಲ್ಲಿ ತೂತು. ಮಗಳು ಉಗುರಿನಿಂದ ಆ ಬೊಟ್ಟನ್ನು ಕೆರೆದು ತೆಗೆದಿದ್ದಳು.

"ಅವತ್ತಿಂದ ನಾ ಅಂದಾಜಿನ ಮ್ಯಾಲೆ ಬಣ್ಣಾ ಹಾಕಂಗಿಲ್ರಿ ಸಾವಕಾರ್ರ" ಅಂದರು. ಮಾವನವರ ನಗು ನಿಂತಿತು.

ಕೋಟಿನ ಬಣ್ಣ ಬೇಗ ಗೊತ್ತಾಯಿತು. ಕೋಟು ಮನೆಯಲ್ಲೇ ಇತ್ತು. ಮೈಬಣ್ಣಕ್ಕೆ ಅತ್ತೆ ನಾಲ್ಕಾರು ಚಿಂದಿ ತಿರುವಿ ಹಾಕಿ ಒಂದನ್ನು ಆರಿಸಿದರು. ತಕರಾರು ಬಂದದ್ದು ರುಮಾಲಿಗೆ. ಮಾವನವರು ಕೇಸರಿ ಅಂದರು. ಅತ್ತೆ, ಅದು ಮದುವೆಯ ರುಮಾಲು, ಗುಲಾಬಿ ಅಂದರು. ಮಾಸ್ತರರು ಇಬ್ಬರು ತೋರಿಸಿದ ತುಣುಕುಗಳನ್ನೂ ಫೋಟೋದ ಪಕ್ಕಕ್ಕಿಟ್ಟು ನೋಡಿದರು. ಆಮೇಲೆ ಗಂಟು ಎತ್ತಿಕೊಂಡು ಬಂದು, ನಾನು ನಿಂತಿದ್ದ ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟರು.

"ತಂಗಿ, ನೀ ಮಾತಾಡಬ್ಯಾಡ. ಬರೇ ತೋರಸು."

ನನಗೆ ಗೊತ್ತಿತ್ತು. ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಆದರೆ ಅದು ನನ್ನ ಗಂಡ ಯಾರಿಗೂ ಹೇಳಬೇಡ ಎಂದು ನನಗೆ ಹೇಳಿದ್ದ ಮಾತು. ಅವರದು ಅಂತ ನನ್ನ ಹತ್ತಿರ ಉಳಿದದ್ದು ಅಂಥ ಮಾತುಗಳೇ. ಕೊಟ್ಟುಬಿಟ್ಟರೆ ನನಗೇನು ಉಳಿಯಿತು? ಹೇಳದಿದ್ದರೆ ಬೀಗರ ಮನೆಮನೆಯ ಗೋಡೆಯ ಮೇಲೂ ಅವರು ಸುಳ್ಳು ಬಣ್ಣದಲ್ಲಿ ಕೂಡುತ್ತಾರೆ. ಬಗ್ಗಿ, ಎಳೆಯ ಹಸಿರಿನ ಒಂದು ಚೂರು ಎತ್ತಿ ಹಿಡಿದೆ.

"ಏ ಹುಡುಗಿ, ತಲಿ ನೆಟ್ಟಗೈತೇನು?" ಅತ್ತೆ ಚೀರಿದರು. "ನನ್ನ ಮಗಾ ಯಾವತ್ತ ಹಸರು ಸುತ್ತ್ಯಾನ? ನಮ್ಮ ಮನ್ಯಾಗ ಹಸರು ರುಮಾಲರೆ ಎಲ್ಲೈತಿ?"

ಇನ್ನು ಬಾಯಿ ಬಿಡದೆ ದಾರಿ ಇರಲಿಲ್ಲ. ಮಾವನವರು ಕೇಳುತ್ತಿದ್ದಾರೆ ಎಂದು ಗೊತ್ತಿದ್ದೂ, ಅತ್ತೆಯ ಮುಖ ನೋಡಿಕೊಂಡು ಹೇಳಿದೆ. ಫೋಟೋ ತೆಗೆಸಲು ಹೋದ ದಿನ ಇಟ್ಟಂಗಿಹಾಳದ ಹತ್ತಿರ ಮಳೆ ಸಿಕ್ಕು ಅವರ ರುಮಾಲು ತೊಯ್ದು ಮುದ್ದೆಯಾಗಿತ್ತು. ಫೋಟೋದವನು ತನ್ನಲ್ಲಿದ್ದ ಹಸಿರು ರುಮಾಲು ಸುತ್ತಿ ಕೂಡಿಸಿದ. ಮಂದಿಯ ರುಮಾಲು ತಲೆಗೆ ಹಾಕಿಕೊಂಡೆ ಎಂದರೆ ಅಪ್ಪ ಬೈಯುತ್ತಾರೆ ಎಂದು ಅವರು ಮನೆಯಲ್ಲಿ ಹೇಳಿರಲಿಲ್ಲ.

"ನೀ ನೋಡೀಯೇನು?" ಮಾವನವರ ದನಿ ಪಡಸಾಲೆಯಿಂದ ಬಂತು. ಸೊಸೆಯಾಗಿ ಬಂದ ಮೇಲೆ ಅವರು ನನ್ನನ್ನು ನೇರವಾಗಿ ಕೇಳಿದ ಮೊದಲ ಮಾತು ಅದು.

"ಇಲ್ರಿ. ಅವರ ಹೇಳಿದ್ರು. 'ತಲಿಮ್ಯಾಲ ಹಸಿ ಕಡ್ಲಿ ಹೊರಿ ಹೊತ್ಕೊಂಡಂಗ ಕುಂತಿದ್ದೆ, ಯಾವ ದನಾ ಬಂದು ಬಾಯಿ ಹಾಕತೈತೋ ಅಂತ ಅಂಜಿಕಿ ಬಂದಿತ್ತು' ಅಂದ್ರು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು. ನಗುನಗುತ್ತಲೇ ಅಳು ಬಂತು. ಅದು ಅವರ ಮಗ ಮಾತಾಡುವ ರೀತಿಯೇ ಆಗಿತ್ತು, ಮತ್ತು ಆ ಮಾತನ್ನು ಅವರು ಅದುವರೆಗೆ ಕೇಳಿರಲಿಲ್ಲ. ಸತ್ತ ಮಗನ ಬಾಯಿಂದ ಹೊಸದೊಂದು ಮಾತು ಬಂದಿತ್ತು. ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡು, "ಮತ್ತೇನೇನ ಅಂದಿದ್ದ? ಹೇಳು, ಮತ್ತೇನ ಅಂದಿದ್ದ?" ಎಂದರು.

ಮಾವನವರು ಮಾತ್ರ ಬಿಡಲಿಲ್ಲ. "ಫೋಟೋದಾವನ್ನ ಕೇಳಿ ಬರ್ರಿ ಮಾಸ್ತರ."

"ಯಾಕ್ರಿ ಕೇಳೂದು? ನೋಡಿದಾತ ಆಕೀಗೆ ಹೇಳ್ಯಾನ. ನನಗ ಅಷ್ಟ ಸಾಕು." ಹಸಿರು ಚೂರನ್ನು ಫೋಟೋದ ಹಿಂದೆ ಸೂಜಿಯಿಂದ ಚುಚ್ಚಿ, ಗಂಟು ಕಟ್ಟಿಕೊಂಡು ಹೊರಟರು.

ಪಟ ಆಗುವುದನ್ನು ನೋಡಲು ಅತ್ತೆ ಹಟ ಹಿಡಿದು ನನ್ನನ್ನೂ ಕರೆದುಕೊಂಡು ವಿಜಾಪುರಕ್ಕೆ ಹೋದರು. ಆ ಕೋಣೆಯಲ್ಲಿ ಚಿಮಣಿ ಎಣ್ಣೆಯ ವಾಸನೆ. ಹಗ್ಗದ ಮೇಲೆ ಕಾಗದಗಳು ಒಣಗುತ್ತಿದ್ದವು. ಒಂದೊಂದರಲ್ಲೂ ಹಸಿರು ರುಮಾಲು, ಕೋಟಿನ ಕಂದು, ಮೈಬಣ್ಣ. ಮುಖ ಮಾತ್ರ ಇಲ್ಲ. ಕಣ್ಣಿಲ್ಲ, ಮೂಗಿಲ್ಲ. ಅತ್ತೆ ನೋಡಲಾರದೆ ಗೋಡೆಯ ಕಡೆ ತಿರುಗಿದರು. ಬಣ್ಣಕ್ಕೊಂದರಂತೆ ಕಾಗದ ಕೊರೆದು, ಪರದೆಯ ಕೆಳಗೆ ಇಟ್ಟು, ಕೊರೆದ ಜಾಗದಿಂದಷ್ಟೇ ಬಣ್ಣ ಇಳಿಯುವಂತೆ ಮಾಡುತ್ತಿದ್ದರು. ಮುಖಕ್ಕೆ ಬೇರೆ ಪರದೆ. ಅದಕ್ಕೆ ಸರಸು ಎಂಬ ಅಂಟನ್ನೂ ಬೆರಳು ಸುಡುವ ಆ ಕಿತ್ತಳೆ ಔಷಧವನ್ನೂ ಬಳಿದು, ಗಾಜಿನ ಮೇಲೆ ಇಳಿಸಿದ ಫೋಟೋವನ್ನು ಮೇಲಿಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ತಾಗಿದ ಕಡೆ ಸರಸು ಗಟ್ಟಿಯಾಗುತ್ತದೆ. ಫೋಟೋದ ಕಪ್ಪಿನ ನೆರಳಿದ್ದ ಕಡೆ ಬೆಚ್ಚಗಿನ ನೀರಿಗೆ ತೊಳೆದುಹೋಗಿ ರೇಷ್ಮೆಯ ಕಣ್ಣು ತೆರೆಯುತ್ತದೆ. ಆ ಪರದೆ ಎಲ್ಲಕ್ಕಿಂತ ಕೊನೆಗೆ.

ಮಾಸ್ತರರು ಚೌಕಟ್ಟು ಇಳಿಸಿ, ಕಪ್ಪು ಸುರಿದು, ರಬ್ಬರ್ ಅಂಚಿನ ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಎಳೆದರು. ಚೌಕಟ್ಟು ಎತ್ತಿದಾಗ ಕಾಗದದ ಮೇಲೆ ನನ್ನ ಗಂಡ ನನ್ನನ್ನೇ ನೋಡುತ್ತ ಕುಳಿತಿದ್ದರು. ಆ ಹೊತ್ತು ನನಗೆ ಏನಾಯಿತೆಂದು ಬರೆಯಲು ಈಗಲೂ ಆಗದು. ಅವರು ಸತ್ತ ದಿನ ಸಿಗದ ಅಳು ಅಲ್ಲಿ ಸಿಕ್ಕಿತು. ಮಾಸ್ತರರು ಬೇರೆ ಕೆಲಸವಿದ್ದವರಂತೆ ಹೊರಗೆ ಹೋಗಿ ನಿಂತರು.

ಮುಂದೆ ಕಾಗದ ಕೊರೆಯುವ ಕೆಲಸವನ್ನು ನನಗೇ ಕಳಿಸತೊಡಗಿದರು. ಕೌದಿ ಹೊಲಿದ ಕೈ, ಅಲುಗಾಡುವುದಿಲ್ಲ ಎಂದು ಅತ್ತೆಯೇ ನನ್ನ ಪರವಾಗಿ ಹೇಳಿದ್ದರು. ಮಾವನವರು ಗೊಣಗಿದರೆ, "ಮಾಡಲಿ ಬಿಡ್ರಿ, ಆಕೀ ಕೈಕೆಲಸಾ ಆಕೀಗಿರಲಿ" ಎನ್ನುತ್ತಿದ್ದರು. ನಾನು ತಪ್ಪು ಕೊರೆದರೆ ಮಾಸ್ತರರು ಬೈಯುತ್ತಿರಲಿಲ್ಲ. ಆ ತಪ್ಪು ಕಾಗದದಿಂದಲೇ ಒಂದು ಪ್ರತಿ ಅಚ್ಚು ಹಾಕಿ ಕಳಿಸುತ್ತಿದ್ದರು. ಬೈದಿದ್ದರೆ ಸುಖವಿತ್ತು. ಇವತ್ತಿಗೂ ನಾನು ಉಣ್ಣುವ ಅನ್ನ ಕಾಗದ ಕೊರೆಯುವ ಆ ಚಾಕುವಿನದು. ಸಂಜೆ ಅತ್ತೆ ಪಕ್ಕದಲ್ಲಿ ಕುಳಿತು ಮಗನ ಮಾತು ಕೇಳುತ್ತಿದ್ದರು, ನಾನು ಕೊರೆಯುತ್ತ ಹೇಳುತ್ತಿದ್ದೆ. ಹೇಳಿದರೆ ನನ್ನ ಪಾಲಿನದು ಕರಗೀತು ಎಂದು ಹೆದರಿದ್ದೆ. ಹಾಗಾಗಲಿಲ್ಲ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮರುವರ್ಷ ಮಾಸ್ತರರ ಉಸಿರಾಟ ಕೆಟ್ಟಿತು. ಔಷಧದ ಗಾಳಿ ಎದೆಗೆ ಇಳಿದಿದೆ ಎಂದರು ಕೆಲವರು. ಬಬಲೇಶ್ವರದ ತಮ್ಮನ ಮನೆಯಲ್ಲಿ ತೀರಿಕೊಂಡರು. ಸುದ್ದಿ ಬಂದ ಕೂಡಲೇ ನಾನೂ ಅತ್ತೆಯೂ ಬಂಡಿ ಕಟ್ಟಿಸಿಕೊಂಡು ಹೋದೆವು. ಬಾಗಿಲ ತುಂಬ ಗಂಡಸರು. ಹಿರಿಯರೊಬ್ಬರು ನನ್ನನ್ನು ತಡೆದು, "ನೀ ಅವರಿಗೆ ಏನಾಗಬೇಕವ್ವಾ?" ಎಂದರು.

ಅತ್ತೆ ಏನೋ ಹೇಳಲು ಹೊರಟಿದ್ದರು. ಅದಕ್ಕೆ ಮೊದಲೇ, ಅಷ್ಟು ಗಂಡಸರ ಎದುರಿಗೆ, ನಾನೇ ಹೇಳಿದೆ.

"ಏನೂ ಆಗಬೇಕಿಲ್ರಿ. ನಾ ಹೇಳಿದ್ದು ನಂಬಿದಾವರು."

ಅವರಿಗೆ ಏನು ಅರ್ಥವಾಯಿತೋ ಗೊತ್ತಿಲ್ಲ. ಸರಿದು ದಾರಿ ಬಿಟ್ಟರು.